ಗೋಡೆ ಸೇರಿದ ಜಾಡಿ

ಹಳೇಬೀಡಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರ ಎಲೆಯ ಮೇಲೆ ಗೋಡೆ ಉದುರುತ್ತಿತ್ತು. ನಡುಮನೆಯ ಆ ಗೋಡೆಯ ಹಿಂದೆಯೇ ಬಚ್ಚಲು. ಮೂರು ತಲೆಮಾರಿನವರು ಮಿಂದ ನೀರನ್ನೆಲ್ಲ ಕುಡಿದು ಅದು ಉಬ್ಬಿಹೋಗಿತ್ತು. ಸುಣ್ಣದ ಗಾರೆ ಹಪ್ಪಳದ ಹಾಗೆ ಎದ್ದು ನಿಂತು, ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಸಾಕು, ಒಂದು ಹಿಡಿ ಕೆಳಗೆ ಬೀಳುತ್ತಿತ್ತು. ಒಂದು ಭಾನುವಾರ ಅಂಗೈ ಅಗಲದ ಗಾರೆ ಅಪ್ಪನ ಸಾರಿನ ಬಟ್ಟಲಿಗೇ ಬಿತ್ತು. ಹಗರೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ ಸಿಟ್ಟು ಬಂದರೆ ಮಾತಾಡದೆ ಎದ್ದು ಹೋಗುವವರು. ಅವತ್ತೂ ಹಾಗೇ ಎದ್ದು ಹೋದರು, ಬರುವಾಗ ಒಬ್ಬ ಗಾರೆಯವನನ್ನು ಕರೆದುಕೊಂಡು ಬಂದರು. ಅವನು ಬಚ್ಚಲ ನೀರನ್ನು ಆಚೆ ಕಡೆಗೆ ತಿರುಗಿಸಿದ, ಗೋಡೆಯನ್ನು ಎದೆಯೆತ್ತರದವರೆಗೆ ಕೆರೆದ, ಹಿತ್ತಲಲ್ಲಿ ಸುಣ್ಣವನ್ನೂ ಮರಳನ್ನೂ ಗುಡ್ಡೆ ಹಾಕಿದ. ಬಿಕ್ಕೋಡಿನಲ್ಲಿ ಎರಡು ದಿನದ ಕೆಲಸವಿದೆ, ಮುಗಿಸಿ ಬರುತ್ತೇನೆ ಎಂದು ಹೋದವನು ಮತ್ತೆ ಬರಲೇ ಇಲ್ಲ. ತಿಂಗಳು ಕಾದ ಮೇಲೆ ಅಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಗಾರೆ ಕಲಸಿದಳು.

ಬಳಿದದ್ದು ಸಮವಾಗಿ ಬರಲಿಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ಹಳ್ಳ. ಅಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ, ಅವತ್ತು ಬೆಳಿಗ್ಗೆ ಒಡೆದಿದ್ದ ಹೂವಿನ ಚಿತ್ರದ ಸಾಸರಿನ ಚೂರೊಂದನ್ನು ತಂದು ಹಳ್ಳದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಗಾರೆ ಅದನ್ನು ಹಿಡಿದುಕೊಂಡಿತು. ಅದರ ಪಕ್ಕದಲ್ಲಿ ಇನ್ನೊಂದು. ಅಷ್ಟು ಹೊತ್ತಿಗೆ ಒಲೆಯ ಮೇಲಿನ ಬೇಳೆ ಸೀದು ಹೋಗಿತ್ತು. ಹೀಗೆ ಶುರುವಾದದ್ದು ಮುಂದೆ ಎರಡು ವರ್ಷ ನಡೆಯಿತು. ದಿನಕ್ಕೆ ಒಂದು ಅಂಗೈಯಗಲದ ಜಾಗ, ಅದಕ್ಕಿಂತ ಹೆಚ್ಚಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಇದ್ದಿಲಿನಲ್ಲಿ ಗೋಡೆಯ ಮೇಲೆ ಗೆರೆ ಎಳೆದುಕೊಂಡು, ಗಾರೆ ಮೆತ್ತಿ, ಚೂರುಗಳನ್ನು ಒಂದೊಂದಾಗಿ ಕೂರಿಸುವಳು. ಗಾಜಿನ ಅಂಚನ್ನು ಒಗೆಯುವ ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ ಮೊಂಡು ಮಾಡುವುದು ನನ್ನ ಕೆಲಸ. ಆ ಕರಕರ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಬೆರಳು ಕೊಯ್ದುಕೊಂಡರೆ ಅಮ್ಮ ಅರಿಸಿನ ಒತ್ತಿ, ಮುಂದಿನ ಚೂರನ್ನು ಕೈಗೆ ಕೊಡುತ್ತಿದ್ದಳು.

ಊರಿನವರು ಎಸೆದದ್ದು ನಮ್ಮ ಮನೆಗೆ ಬರತೊಡಗಿತು. ಒಡೆದ ಕಪ್ಪು, ಮುರಿದ ಪ್ಲಾಸ್ಟಿಕ್ ಮಗ್ಗು, ಖಾಲಿಯಾದ ನೀಲಿ ಔಷಧದ ಶೀಸೆ, ಬಿರುಕು ಬಿಟ್ಟ ಕನ್ನಡಿ. ದೇವಸ್ಥಾನದ ಮುಂದಿನ ಅಂಗಡಿಗಳ ಹಿಂದೆ ಪ್ರವಾಸಿಗರು ಕುಡಿದು ಬಿಟ್ಟ ಬಾಟ್ಲಿಗಳ ಮುಚ್ಚಳಗಳು ಕೆಂಪು, ಹಳದಿ, ಕಿತ್ತಳೆ ಬಣ್ಣದಲ್ಲಿ ಮಣ್ಣಿನೊಳಗೆ ಅರ್ಧ ಹೂತುಕೊಂಡಿರುತ್ತಿದ್ದವು. ಶಾಲೆಯಿಂದ ಬರುವಾಗ ಲಂಗದ ಮಡಿಲು ತುಂಬ ಆರಿಸಿಕೊಂಡು ಬರುತ್ತಿದ್ದೆ. ಬಳೆಗಾರ ಸಿದ್ದಣ್ಣ ಹೆಗಲ ಮೇಲೆ ಬಳೆಯ ಮಲಾರ ಹೊತ್ತುಕೊಂಡು ತಿಂಗಳಿಗೊಮ್ಮೆ ನಮ್ಮ ಬೀದಿಗೆ ಬರುವವನು. ಒಡೆದ ಬಳೆಯ ಚೂರಿದ್ದರೆ ಕೊಡು ಎಂದು ಅಮ್ಮ ಕೇಳಿದಾಗ ಅವನು ಮಲಾರವನ್ನು ಜಗಲಿಯ ಮೇಲಿಳಿಸಿ ಅವಳ ಮುಖವನ್ನೇ ನೋಡಿದ.

"ಇಷ್ಟ್ ವರ್ಸದಾಗೆ ಒಡ್ದಿರೋ ಬಳೆ ಯಾರೂ ಕೇಳಿಲ್ಲ ಕಣವ್ವ. ಏನ್ ಮಾಡ್ತೀರ?"

"ಗೋಡೆಗೆ ತೊಡಿಸ್ತೀನಿ ಸಿದ್ದಣ್ಣ. ಒಳಗೆ ಬಾ, ನೋಡು."

ಅವನು ಹೊಸ್ತಿಲಾಚೆಯೇ ನಿಂತು, ಬಗ್ಗಿ, ಬಹಳ ಹೊತ್ತು ನೋಡಿದ. ಬಣ್ಣದ ವಿಷಯದಲ್ಲಿ ಅವನಿಗಿಂತ ತಿಳಿದವರು ನಮ್ಮ ಊರಿನಲ್ಲಿ ಇರಲಿಲ್ಲ.

"ಹಸ್ರು ಕಮ್ಮಿ ಐತೆ," ಎಂದ. "ಮುಂದಿನ್ ಸಲ ಬತ್ತೀನಲ್ಲ, ಆವಾಗ ತತ್ತೀನಿ."

ತಂದೂ ಕೊಟ್ಟ. ಕಾಗದದ ಪೊಟ್ಟಣದಲ್ಲಿ ಬರೀ ಹಸಿರು ಚೂರು, ಗಿಳಿಹಸಿರು ಬೇರೆ, ಪಾಚಿಹಸಿರು ಬೇರೆ ಮಾಡಿ.

ಇದೆಲ್ಲ ಅಜ್ಜಿಗೆ ಹಿಡಿಸಲಿಲ್ಲ. ಅಜ್ಜಿ ಎಂದರೆ ಅಪ್ಪನ ತಾಯಿ. ಮಡಿಯವಳು. ಅವಳ ನೀರಿನ ತಂಬಿಗೆಯನ್ನು ನಾವು ಮುಟ್ಟುವಂತಿರಲಿಲ್ಲ, ಅವಳ ಸೀರೆ ಒಣಗುವ ಗಳುವಿನ ಕೆಳಗೆ ಹಾಯುವಂತಿರಲಿಲ್ಲ. ಆ ಹೊತ್ತಿಗೆ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಮ್ಮನ್ನು ಹೆಜ್ಜೆ ಸದ್ದಿನಿಂದ ಗುರುತಿಸುತ್ತಿದ್ದಳು, ಹಾಲು ಉಕ್ಕುವುದನ್ನು ಮೂಗಿನಿಂದ ತಿಳಿಯುತ್ತಿದ್ದಳು. ಗೋಡೆ ಅವಳಿಗೆ ಕಾಣುತ್ತಿರಲಿಲ್ಲ. ಅದಕ್ಕಾಗಿ ನಾನು ತರುತ್ತಿದ್ದ ಮುಚ್ಚಳಗಳು ಮಾತ್ರ ಮಡಿಲಲ್ಲಿ ಗಿಲಗಿಲ ಅನ್ನುವುದು ಕೇಳಿಸುತ್ತಿತ್ತು.

"ಜಾನಕಿ, ಯಾರ್ಯಾರೋ ಬಾಯಿಟ್ಟು ಕುಡಿದ ಬಾಟ್ಲಿ ಮುಚ್ಚಳ ಕಣೇ ಅವು. ಊಟ ಮಾಡೋ ಜಾಗಕ್ಕೆ ಎಂಜಲು ತಂದು ಅಂಟಿಸ್ತೀಯಲ್ಲ."

"ಬಾಯಿಡೋದು ಬಾಟ್ಲಿಗೆ ಅಲ್ವಾ ಅತ್ತೆ. ಮುಚ್ಚಳ ಅದಕ್ಕೆ ಮೊದ್ಲೇ ಕಿತ್ತು ಬಿಸಾಕಿರ್ತಾರೆ."

ಅಜ್ಜಿ ಸ್ವಲ್ಪ ಯೋಚಿಸಿದಳು.

"ಹಲ್ಲಲ್ಲಿ ಕಚ್ಚಿ ತೆಗೆಯೋರೂ ಇರ್ತಾರೆ," ಎಂದಳು.

ಕೊನೆಗೆ ಒಂದು ಒಪ್ಪಂದವಾಯಿತು. ಮುಚ್ಚಳಗಳನ್ನು ಹಿತ್ತಲಲ್ಲಿಯೇ ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿ, ಕುದಿಸಿ, ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಒಳಗೆ ತರಬೇಕು. ಮಡಿಯ ಸಾಮಾನು ಒಣಗಿಸುವ ಕಟ್ಟೆಯ ಮೇಲೆ ಮಾತ್ರ ಅವನ್ನು ಇಡಬಾರದು. ಇಷ್ಟಾದರೂ ಅಜ್ಜಿ ಊಟಕ್ಕೆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಹೇಗೂ ಕಾಣದ ಗೋಡೆಗೆ ಬೆನ್ನು ಯಾಕೆ ಎಂದು ಅಪ್ಪ ನಕ್ಕರೆ, "ನನಗೆ ಕಾಣದಿದ್ರೆ ಏನು, ಅದಕ್ಕೆ ನಾನು ಕಾಣ್ತೀನಲ್ಲ," ಎನ್ನುವಳು. ಬಳೆಯ ಚೂರಿನ ವಿಷಯವೇ ಬೇರೆ. ಅದರ ಬಗ್ಗೆ ಅವಳು ಜಗಳವಾಡಲಿಲ್ಲ. ಸಿದ್ದಣ್ಣನ ಪೊಟ್ಟಣ ಬಿಚ್ಚಿದ ದಿನ ಎದ್ದು ದೇವರ ಕೋಣೆಗೆ ಹೋಗಿಬಿಡುತ್ತಿದ್ದಳು. ಅಜ್ಜಿಯ ಕೈ ಬರಿದಾಗಿದ್ದದ್ದು ನನಗೆ ದಿನವೂ ಕಾಣುತ್ತಿತ್ತು; ಅದಕ್ಕೂ ಇದಕ್ಕೂ ಇರುವ ನಂಟು ಹೊಳೆಯುವುದಕ್ಕೆ ನಾನು ದೊಡ್ಡವಳಾಗಬೇಕಾಯಿತು.

ಗೋಡೆ ಬೆಳೆಯಿತು. ಅಮ್ಮ ದೇವರನ್ನು ಮಾಡಲಿಲ್ಲ, ನವಿಲನ್ನೂ ಮಾಡಲಿಲ್ಲ. ಬೇಲಿ ಹಾರಿ ನಮ್ಮ ಹಿತ್ತಲಿಗೆ ಬರುತ್ತಿದ್ದ ಯಾರದೋ ಹುಂಜ ಮಾಡಿದಳು, ಅದರ ಜುಟ್ಟಿಗೆ ಕೆಂಪು ಮಗ್ಗಿನ ಚೂರು. ಸೂರ್ಯಕಾಂತಿ ಮಾಡಿದಳು, ನಡುವೆ ಸುಟ್ಟ ಮಣ್ಣಿನ ಹೂಕುಂಡದ ತುಣುಕು, ಸುತ್ತ ಹಳದಿ ಮುಚ್ಚಳ. ಅಪ್ಪ ಹಗರೆಗೆ ಹೋಗುವ ಬಸ್ಸು ಮಾಡಿದಳು. ಕಿಟಕಿಗೆ ಕನ್ನಡಿ ಚೂರು ಇಟ್ಟಿದ್ದರಿಂದ ಬಸ್ಸಿನೊಳಗೆ ನಮ್ಮದೇ ಮುಖಗಳು ಚೂರುಚೂರಾಗಿ ಕಾಣುತ್ತಿದ್ದವು. ಮೊದಮೊದಲು ಅಪ್ಪನಿಗೆ ಮುಜುಗರ. ಯಾರಾದರೂ ಬಂದರೆ ಜಗಲಿಯಲ್ಲೇ ಕೂರಿಸಿ ಮಾತಾಡಿಸಿ ಕಳಿಸುತ್ತಿದ್ದರು. ಬಸ್ಸು ಮೂಡಿದ ಮೇಲೆ ಒಂದು ಸಂಜೆ ಚೀಲದಿಂದ ಎರಡು ಪೊಟ್ಟಣ ತೆಗೆದು ಅಮ್ಮನ ಪಕ್ಕದಲ್ಲಿಟ್ಟು ಕೈಕಾಲು ತೊಳೆಯಲು ಹೋದರು. ಒಂದರಲ್ಲಿ ಶಾಲೆಯಲ್ಲಿ ಉಳಿದ ಬಣ್ಣದ ಸೀಮೆಸುಣ್ಣದ ತುಂಡುಗಳು, ಇನ್ನೊಂದರಲ್ಲಿ ಒಡೆದ ಸ್ಲೇಟಿನ ಚೂರು. ಸ್ಲೇಟು ಬಸ್ಸಿನ ಕೆಳಗೆ ರಸ್ತೆಯಾಯಿತು. ಸೀಮೆಸುಣ್ಣವನ್ನು ಅಮ್ಮ ಅರೆದು ಗಾರೆಗೆ ಬೆರೆಸಿದಳು, ಚೂರುಗಳ ನಡುವಿನ ಸಂದಿಗೂ ಬಣ್ಣ ಬಂತು.

ಇನ್ನು ಜಾಡಿಯ ಕತೆ. ಅಜ್ಜಿಗೆ ಒಂದು ಪಿಂಗಾಣಿ ಜಾಡಿಯಿತ್ತು, ಬಿಳಿಯ ಮೈಗೆ ನೀಲಿ ಬಳ್ಳಿ. ತಾತ ಅದನ್ನು ಅರಸೀಕೆರೆಯಲ್ಲಿ ಕೊಂಡು, ಬಸ್ಸಿನಲ್ಲಿ ಕೆಳಗಿಟ್ಟರೆ ಒಡೆದೀತೆಂದು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರಂತೆ. ಪ್ರತಿ ವರ್ಷ ಮಾವಿನ ಮಿಡಿ ಅದರಲ್ಲೇ ಬೀಳಬೇಕು. ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ಮಿಡಿ ಬರುವ ಮೊದಲು, ಅಜ್ಜಿ ಜಾಡಿಯನ್ನು ತಾನೇ ತೊಳೆದು ಮಡಿಯ ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿ, ಪಕ್ಕದ ಮನೆಗೆ ಹಪ್ಪಳ ಒತ್ತುವುದಕ್ಕೆ ಹೋದಳು. ನಾನು ಒದ್ದೆ ಮುಚ್ಚಳಗಳ ಮೊರ ಹಿಡಿದುಕೊಂಡು ಬಂದೆ. ಹಿತ್ತಲೆಲ್ಲ ನೆರಳಾಗಿತ್ತು, ಆ ಕಟ್ಟೆಯ ಮೇಲೆ ಮಾತ್ರ ಬಿಸಿಲು. ಒಂದು ಗಳಿಗೆ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಮೊರವನ್ನು ಒಳಕ್ಕೆ ತಳ್ಳಿದೆ. ಮೊರದ ಅಂಚು ಜಾಡಿಗೆ ತಾಗಿತು. ಅದು ಒಂದು ಸುತ್ತು ಉರುಳಿ ಆ ಕಡೆಯ ಕಲ್ಲುಹಾಸಿನ ಮೇಲೆ ಬಿತ್ತು.

ಅಮ್ಮ ಓಡಿ ಬಂದವಳು ಚೂರುಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ನನಗೆ ಅಳುವೂ ಬರಲಿಲ್ಲ. ಅಜ್ಜಿ ಎಂದೂ ನನಗೆ ಹೊಡೆದವಳಲ್ಲ, ಆದರೆ ಬೇಜಾರಾದರೆ ಮಾತು ಬಿಟ್ಟುಬಿಡುತ್ತಿದ್ದಳು, ಅದು ಹೊಡೆತಕ್ಕಿಂತ ಕೆಟ್ಟದ್ದಾಗಿತ್ತು.

"ಅಜ್ಜಿಗೆ ನೀನು ಏನೂ ಹೇಳ್ಬೇಡ," ಎಂದಳು ಅಮ್ಮ. "ನಾನು ಹೇಳ್ತೀನಿ."

ಆದರೆ ಅಜ್ಜಿ ಬಂದು ಕಟ್ಟೆಯ ಮೇಲೆ ಕೈಯಾಡಿಸಿ ಜಾಡಿಯೆಲ್ಲಿ ಎಂದು ಕೇಳಿದಾಗ ಅಮ್ಮ ಹೇಳಿದ್ದು ಬೇರೆ. ಬೇಲೂರಿನ ಸುಶೀಲಕ್ಕ, ಅಂದರೆ ನನ್ನ ದೊಡ್ಡಮ್ಮ, ಮಿಡಿ ಹಾಕುವುದಕ್ಕೆ ಬೇಕೆಂದು ಆಳಿನ ಕೈಲಿ ಹೇಳಿಕಳಿಸಿದ್ದರು, ಕೊಟ್ಟು ಕಳಿಸಿದೆ ಎಂದುಬಿಟ್ಟಳು. ನನ್ನನ್ನು ಉಳಿಸುವುದಕ್ಕಾಗಿ ಹೇಳಿದಳೆಂದೇ ಬಹಳ ಕಾಲ ಅಂದುಕೊಂಡಿದ್ದೆ. ಈಗ, ಅವಳ ಆಗಿನ ವಯಸ್ಸಿನ ಎರಡರಷ್ಟಾದ ಮೇಲೆ, ಅವಳು ಗೋಡೆಯನ್ನೂ ಉಳಿಸಿಕೊಳ್ಳುತ್ತಿದ್ದಳು ಅನ್ನಿಸುತ್ತದೆ. ಮುಚ್ಚಳದಿಂದ ಜಾಡಿ ಒಡೆಯಿತೆಂದು ತಿಳಿದಿದ್ದರೆ ಆ ಮನೆಯಲ್ಲಿ ಮತ್ತೆ ಒಂದು ಚೂರೂ ಗೋಡೆಗೆ ಏರುತ್ತಿರಲಿಲ್ಲ.

ಜಾಡಿಯ ತುಣುಕುಗಳನ್ನು ಅಮ್ಮ ಎಸೆಯಲಿಲ್ಲ. ಬಸ್ಸಿನ ಬಲಕ್ಕೆ, ನೆಲದಿಂದ ಒಂದು ಮೊಳ ಮೇಲೆ, ನಮ್ಮೂರಿನ ಕೆರೆ ಮಾಡಿದಳು. ನೀಲಿ ಬಳ್ಳಿಯ ಚೂರುಗಳೆಲ್ಲ ಅಲೆಗಳಾದವು. ಇಡೀ ಗೋಡೆಯಲ್ಲಿ ಅಷ್ಟು ಚೆಂದದ ಭಾಗ ಇನ್ನೊಂದಿರಲಿಲ್ಲ. ನಾನು ಆ ಕಡೆ ನೋಡುತ್ತಿರಲಿಲ್ಲ.

ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಬಂದಾಗ ಅಜ್ಜಿ ಜಾಡಿ ಯಾಕೆ ತರಲಿಲ್ಲ ಎಂದು ಕೇಳಿದಳು. "ಯಾವ ಜಾಡಿಯಮ್ಮ?" ಎಂದರು ದೊಡ್ಡಪ್ಪ. ಅಮ್ಮ ಅಡಿಗೆಮನೆಯಿಂದ ಕಾಫಿ ತಂದಿಟ್ಟಳು, ಅಪ್ಪ ಬೇರೆ ಮಾತು ತೆಗೆದರು. ಅಪ್ಪನಿಗೂ ಗೊತ್ತಿತ್ತೆಂದು ನನಗೆ ಅವತ್ತೇ ತಿಳಿದದ್ದು. ಅಜ್ಜಿ ಅದನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ದೊಡ್ಡ ಸೊಸೆ ಗಂಡನಿಗೂ ಹೇಳದೆ ಜಾಡಿ ಹೊಡೆದುಕೊಂಡಿದ್ದಾಳೆ. ಮೊದಲು ನಮ್ಮೆದುರು ಅಂದಳು, ಆಮೇಲೆ ಪಕ್ಕದ ಮನೆಯವರೆದುರು, ಆಮೇಲೆ ಯಾರು ಬಂದರೂ ಅದೇ ಮಾತು. ಹಬ್ಬಕ್ಕೆ ಬೇಲೂರಿಗೆ ಹೋಗುವುದನ್ನು ನಿಲ್ಲಿಸಿದಳು. ದೊಡ್ಡಮ್ಮ ನನಗೆ ರಜದಲ್ಲಿ ತಲೆಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದವರು, ನನಗಾಗಿ ಕೊಬ್ಬರಿ ಮಿಠಾಯಿಯ ಅಂಚಿನ ತುಂಡುಗಳನ್ನು ಎತ್ತಿಡುತ್ತಿದ್ದವರು. ಅಜ್ಜಿ ಅವರನ್ನು ಬೈಯುವಾಗಲೆಲ್ಲ ನಾನು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಗಾಜು ಉಜ್ಜುತ್ತಿದ್ದೆ, ಸದ್ದಿನಲ್ಲಿ ಮಾತು ಕೇಳದಿರಲಿ ಎಂದು.

ಮುಂದಿನ ಬೇಸಿಗೆಗೆ ಮುಂಚೆ ದೊಡ್ಡಪ್ಪ, ಅಪ್ಪ ಸೇರಿ ಅಜ್ಜಿಯನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಒಂದು ಕಣ್ಣಿನ ಪೊರೆ ತೆಗೆಸಿದರು. ಕಟ್ಟು ಬಿಚ್ಚಿ, ಹಸಿರು ಬಟ್ಟೆಯ ಮರೆ ಹಾಕಿಕೊಂಡು ಕೆಲವು ವಾರ ಕತ್ತಲ ಕೋಣೆಯಲ್ಲಿ ಮಲಗಿದ್ದಾದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡ ಬೆಳಿಗ್ಗೆ ಅಜ್ಜಿ ಮನೆಯನ್ನೆಲ್ಲ ಸುತ್ತಿದಳು. ಅಪ್ಪನ ತಲೆ ನೆರೆತದ್ದು ನೋಡಿ ಬೈದಳು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಆಮೇಲೆ ನಡುಮನೆಗೆ ಬಂದು ಗೋಡೆಯ ಮುಂದೆ ನಿಂತಳು, ಕೂತಳು, ಇನ್ನೂ ಹತ್ತಿರ ಸರಿದಳು. ನಾನು ಪಕ್ಕದಲ್ಲಿದ್ದೆ. ಅವಳ ಬೆರಳು ಹುಂಜದ ಮೇಲೆ ಹೋಯಿತು, ಬಸ್ಸಿನ ಮೇಲೆ ಹೋಯಿತು. ಹಸಿರು ಬಳೆಯ ಚೂರುಗಳ ಮೇಲೆ ಸ್ವಲ್ಪ ನಿಂತಿತು.

"ಇದೆಲ್ಲ ಅವಳೇ ಮಾಡಿದ್ದಾ?"

"ಹೂಂ ಅಜ್ಜಿ."

"ಇದೇನು, ಕೆರೆಯೇನೇ?"

"ಹೂಂ."

"ನೀರು ಚೆನ್ನಾಗಿ ಬಂದಿದೆ," ಎಂದಳು ಅಜ್ಜಿ. "ಅಲುಗಾಡೋ ಹಾಗಿದೆ ನೋಡು."

ಅವಳು ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಹೊಗಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

"ಅಜ್ಜಿ, ಅದು ನಿನ್ನ ಜಾಡಿ. ನಾನೇ ಒಡೆದಿದ್ದು. ಕಟ್ಟೆ ಮೇಲೆ ಮೊರ ಇಟ್ಟೆ."

ಅಜ್ಜಿಯ ಬೆರಳು ಅಲ್ಲೇ ಇತ್ತು. ಆ ದಪ್ಪ ಗಾಜಿನ ಹಿಂದೆ ಅವಳ ಕಣ್ಣು ಬಹಳ ದೊಡ್ಡದಾಗಿ ಕಾಣುತ್ತಿತ್ತು.

"ಬೇಲೂರಿಗೆ ಕಳ್ಸಿದ್ದು?"

"ಕಳ್ಸಲೇ ಇಲ್ಲ."

ಅಜ್ಜಿ ಅಮ್ಮನನ್ನು ಕರೆದಳು. ಅಮ್ಮ ಒದ್ದೆ ಕೈಯಲ್ಲಿ ಬಂದವಳು, ನಾವಿಬ್ಬರೂ ಕೂತ ಜಾಗ ನೋಡಿದೊಡನೆ ಬಾಗಿಲಲ್ಲೇ ನಿಂತುಬಿಟ್ಟಳು.

"ನನ್ನ ಕಣ್ಣು ಹೋಗಿತ್ತು ಜಾನಕಿ, ಕಿವಿ ಇತ್ತಲ್ಲ," ಎಂದಳು ಅಜ್ಜಿ. ದನಿ ಏರಿಸಲಿಲ್ಲ. "ಒಂದು ಮಾತು ಹೇಳಿದ್ರೆ ಆಗಿತ್ತು. ಒಂದು ವಾರ ಮುಖ ಊದಿಸ್ಕೊಂಡು ಇರ್ತಿದ್ದೆ, ಅಷ್ಟೇ ತಾನೆ. ಈಗ ನೋಡು, ಸುಶೀಲನ್ನ ಎಷ್ಟು ಜನರ ಮುಂದೆ ಕಳ್ಳಿ ಅಂದೆ ನಾನು."

"ತಪ್ಪಾಯ್ತು ಅತ್ತೆ," ಎಂದಳು ಅಮ್ಮ.

ಅವತ್ತು ಅಜ್ಜಿ ಊಟ ಮಾಡಲಿಲ್ಲ. ಅಮ್ಮನೂ ಮಾಡಲಿಲ್ಲ. ಅಪ್ಪ ಒಬ್ಬರೇ ಎಲೆಯ ಮುಂದೆ ಕೂತು, ಎರಡು ತುತ್ತು ತಿಂದು, ಎದ್ದರು. ಮರುದಿನ ಬೆಳಿಗ್ಗೆ ಅಜ್ಜಿ ಸ್ನಾನ ಮುಗಿಸಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಬೇಲೂರಿನ ಬಸ್ಸಿಗೆ ಹೊರಟು ನಿಂತಳು. ನಾನೂ ಬರುತ್ತೇನೆ ಎಂದಳು ಅಮ್ಮ.

"ನಿಂದು ನೀನು ಬೇರೆ ಹೋಗಿ ಹೇಳ್ಕೋ. ಇವತ್ತು ನಂದು," ಎಂದಳು ಅಜ್ಜಿ. ನನ್ನ ಕಡೆ ತಿರುಗಿ, "ನೀನು ಬಾ," ಎಂದಳು.

ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಪಕ್ಕ ಕೂತಳು. ಎಷ್ಟೋ ವರ್ಷದ ಮೇಲೆ ಕಂಡ ಹೊಲ, ತೆಂಗಿನ ತೋಟ, ದಾರಿಯ ಮರಗಳು, ಒಂದನ್ನೂ ನೋಡಲಿಲ್ಲ. ನನ್ನ ಕೈಯನ್ನು ಮಾತ್ರ ಹಿಡಿದುಕೊಂಡಿದ್ದಳು. ಅದು ಪ್ರೀತಿಯೋ, ಓಡಿಹೋಗದಿರಲಿ ಎಂದೋ ನನಗೆ ತಿಳಿಯಲಿಲ್ಲ. ದೊಡ್ಡಮ್ಮ ಬಾಗಿಲಲ್ಲಿ ನಮ್ಮನ್ನು ಕಂಡು ಗಾಬರಿಯಾದರು. ಒಳಗೆ ಕರೆದು, ಚಾಪೆ ಹಾಸಿ, ಕಾಫಿಗೆ ನೀರಿಡಲು ಹೊರಟರು.

"ಕಾಫಿ ಆಮೇಲೆ ಸುಶೀಲ. ಕೂತ್ಕೋ ಇಲ್ಲಿ."

ಅಜ್ಜಿ ಎಲ್ಲವನ್ನೂ ಹೇಳಿದಳು. ಜಾಡಿ ಒಡೆದದ್ದು, ಗೋಡೆ ಸೇರಿದ್ದು, ತಾನು ಯಾರ್ಯಾರ ಮುಂದೆ ಏನೇನು ಆಡಿದೆ ಎಂಬುದು, ಒಬ್ಬೊಬ್ಬರ ಹೆಸರು ಹಿಡಿದು. ಅಷ್ಟು ಉದ್ದಕ್ಕೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಪಾಲು ಬಂದಾಗ ನನ್ನ ಬೆನ್ನು ಮುಟ್ಟಿದಳು, ನಾನು ಹೇಳಿದೆ. ದೊಡ್ಡಮ್ಮ ತಲೆ ತಗ್ಗಿಸಿಕೊಂಡು ಚಾಪೆಯ ಅಂಚು ಸವರುತ್ತಿದ್ದರು.

"ನನ್ನ ಕಿವಿಗೂ ಬಿದ್ದಿತ್ತು ಅತ್ತೆ," ಎಂದರು. "ಎಲ್ಲೋ ತಂದಿಟ್ಟು ನಾನೇ ಮರೆತಿದೀನೇನೋ ಅಂದ್ಕೊಂಡು ಎರಡು ದಿನ ಅಟ್ಟ ಎಲ್ಲ ಹುಡುಕಿದೆ."

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊತ್ತಿಕೊಂಡಳು. ಕಣ್ಣು ಒದ್ದೆ ಮಾಡಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ನಾನು ನೆನಪಿಸಿದೆ. ದೊಡ್ಡಮ್ಮನಿಗೆ ಅದಕ್ಕೇಕೋ ನಗು ಬಂತು. ಮೊದಲು ನಕ್ಕರು, ಆಮೇಲೆ ಅತ್ತರು. ಆಮೇಲೆ ಎದ್ದು ಹೋಗಿ ಉಪ್ಪಿಟ್ಟು ಮಾಡಿದರು. ಅಜ್ಜಿ ಅಲ್ಲೇ ಉಳಿಯುತ್ತೇನೆಂದಳು. ಸಂಜೆ ದೊಡ್ಡಪ್ಪ ನನ್ನೊಬ್ಬಳನ್ನೇ ಹಳೇಬೀಡಿಗೆ ತಂದು ಬಿಟ್ಟರು. ಮುಂದಿನ ಭಾನುವಾರ ಅಮ್ಮ ಒಬ್ಬಳೇ ಬೇಲೂರಿಗೆ ಹೋದಳು. ಅಲ್ಲಿ ಏನು ನಡೆಯಿತೆಂದು ಎಂದೂ ಹೇಳಲಿಲ್ಲ. ಸಂಜೆ ಬಂದಾಗ ತಲೆಯಲ್ಲಿ ದೊಡ್ಡಮ್ಮನ ಮನೆಯ ಮಲ್ಲಿಗೆ ಇತ್ತು.

ಆ ದಿನಗಳಲ್ಲಿ ಅಮ್ಮ ಗೋಡೆಯನ್ನು ಮುಟ್ಟಲಿಲ್ಲ. ಮೂಲೆಯಲ್ಲಿ ಇನ್ನೂ ಎರಡು ಮೊರದಷ್ಟು ಜಾಗ ಬರಿದಾಗಿತ್ತು. ಚೂರಿನ ಡಬ್ಬಗಳನ್ನೆಲ್ಲ ಅಟ್ಟಕ್ಕೆ ಏರಿಸಿದಳು, ಗಾರೆಯ ಗುಡ್ಡೆಗೆ ಗೋಣಿ ಮುಚ್ಚಿದಳು. ಅಭ್ಯಾಸ ಬಿಡದೆ ಒಂದು ದಿನ ಶಾಲೆಯಿಂದ ಬರುವಾಗ ನಾನು ಮುಚ್ಚಳ ಆರಿಸಿದೆ, ಆದರೆ ಮನೆಯ ತಿರುವಿನಲ್ಲಿ ಅವನ್ನು ಬೇಲಿಯಾಚೆ ಸುರಿದು ಒಳಗೆ ಬಂದೆ.

ಹದಿನೈದು ದಿನದ ಮೇಲೆ ಅಜ್ಜಿ ಬಂದಳು. ಬಸ್ಸು ನಿಲ್ಲುವಲ್ಲಿಗೆ ನಾನು, ಅಪ್ಪ ಹೋಗಿದ್ದೆವು. ಇಳಿಯುವಾಗ ಅವಳು ಚೀಲವನ್ನು ಅಪ್ಪನಿಗೆ ಕೊಟ್ಟಳು, ಸೆರಗಿನ ತುದಿಯ ಗಂಟನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಯವರೆಗೆ ನಡೆದಳು. ನಡುಮನೆಗೆ ಬಂದು ಕೂತು, ಗಂಟು ಬಿಚ್ಚಿ, ಅದರಲ್ಲಿದ್ದುದನ್ನು ನೆಲದ ಮೇಲೆ ಹರಡಿದಳು. ಹಳದಿ ಗುಲಾಬಿಯ ಚಿತ್ರವಿದ್ದ ಕಪ್ಪೊಂದರ ನಾಲ್ಕೈದು ಚೂರು. ದೊಡ್ಡಮ್ಮ ನೆಂಟರು ಬಂದಾಗ ಮಾತ್ರ ತೆಗೆಯುತ್ತಿದ್ದ ಕಪ್ಪುಗಳವು.

"ಯಾರು ಒಡೆದಿದ್ದು ಅಜ್ಜಿ?"

"ನಾನೇ. ಕಪ್ಪಿನ ಹಿಡಿ ಬೆರಳಿಗೆ ಸಿಕ್ಕಿದೆ ಅಂದ್ಕೊಂಡೆ, ಸಿಕ್ಕಿರಲಿಲ್ಲ."

"ದೊಡ್ಡಮ್ಮಂಗೆ ಗೊತ್ತಾ?"

"ಬಿದ್ದ ತಕ್ಷಣ ಕೂಗಿ ಹೇಳ್ದೆ. ಆಮೇಲೆ ಚೂರೆಲ್ಲ ನಂಗೆ ಕೊಡು ಅಂತ ಕೇಳಿ ಇಸ್ಕೊಂಡೆ."

"ಏನಂದ್ರು?"

ಅಜ್ಜಿಯ ಮುಖದಲ್ಲಿ ನಗು ಮೂಡಿತು.

"ಬೈದ್ಲು," ಎಂದಳು. "ಚೆನ್ನಾಗಿ ಬೈದ್ಲು." ಆಮೇಲೆ ಗೋಡೆಯ ಬರಿದಾದ ಮೂಲೆಯ ಕಡೆ ತಿರುಗಿ, ಕನ್ನಡಕ ಸರಿ ಮಾಡಿಕೊಂಡು, ಅಡಿಗೆಮನೆಗೆ ಕೇಳುವಂತೆ ಕೂಗಿದಳು. "ಜಾನಕಿ, ಗಾರೆ ಕಲಸು ಬಾರೇ."